‘ಟಚ್’ ಎಂಬ ಪದದ ಸಾಕ್ಷ್ಯ: ಕೋಠಿಯ ಹಲಗೆಯಿಂದ ಹಿಂದಕ್ಕೆ

ಹೈದರಾಬಾದಿನ ಕೋಠಿಯಲ್ಲಿ, ಗುಜರಾತಿ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಮೀಟಿಂಗ್ ರೂಮಿಗೆ ದೊಡ್ಡ ಟಚ್ ಹಲಗೆ ಬೇಕೆಂದು ಕೇಳಿದರೆ ಯಾವ ಕಂಪನಿಯದನ್ನಾದರೂ ‘ಸ್ಮಾರ್ಟ್ ಬೋರ್ಡ್’ ಎಂದೇ ತೋರಿಸುತ್ತಾರೆ. ವನಸ್ಪತಿಗೆಲ್ಲ ಡಾಲ್ಡಾ, ನಕಲು ಪ್ರತಿಗೆಲ್ಲ ಜೆರಾಕ್ಸ್ ಎಂದಂತೆ. ವ್ಯಾಪಾರಿಯ ಬಾಯಲ್ಲಿ ಇದೇನೂ ತಪ್ಪಲ್ಲ. ಚರಿತ್ರೆ ಬರೆಯುವವರೂ ಅದೇ ಬಾಯಿ ತೆರೆದಾಗ ನನ್ನ ತಕರಾರು ಶುರುವಾಗುತ್ತದೆ.

‘ಜಗತ್ತಿನ ಮೊದಲ ಇಂಟರಾಕ್ಟಿವ್ ಹಲಗೆ 1991ರ ಸ್ಮಾರ್ಟ್ ಬೋರ್ಡ್’ ಎಂಬುದು ಕೆನಡಾದ ಕ್ಯಾಲ್ಗರಿಯ ಸ್ಮಾರ್ಟ್ ಕಂಪನಿ ತಾನೇ ತನ್ನ ಬಗ್ಗೆ ಹೇಳಿಕೊಂಡ ಮಾತು. ಅದಕ್ಕೆ ಎರಡನೆಯದೊಂದನ್ನು ಗಂಟು ಹಾಕುವುದು ರೂಢಿ: ಹಲಗೆ ಹುಟ್ಟಿದ್ದು ತರಗತಿಯಲ್ಲಿ, ಕಚೇರಿಗೆ ಬಂದದ್ದು ಆಮೇಲೆ. ಮಾರಾಟದ ಕರಪತ್ರವನ್ನು ಶಾಸನದಂತೆ ಓದಿದರೆ ಹೀಗಾಗುತ್ತದೆ. (ನಾನೂ ಕೆಲವು ವರ್ಷ ಹೀಗೇ ಓದಿದವನು, ಆದ್ದರಿಂದ ಸಿಟ್ಟು ಸ್ವಲ್ಪ ಹೆಚ್ಚು.) ಇದನ್ನು ಒಪ್ಪದ ಇನ್ನೊಂದು ಗುಂಪು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದತ್ತ ಬೆರಳು ಮಾಡಿ, ‘ಟಚ್ ಹಲಗೆ ಅಲ್ಲಿ 1990ರ ಸುಮಾರಿಗೇ ಇತ್ತು’ ಎನ್ನುತ್ತದೆ. ಇವರು ಬೆರಳು ಮಾಡಿದ ದಿಕ್ಕು ಸರಿ. ತೋರಿಸುತ್ತಿರುವ ಯಂತ್ರ ಬೇರೆ.

ಜಗಳಕ್ಕೆಲ್ಲ ಮೂಲ ‘ಲೈವ್‌ಬೋರ್ಡ್’ ಎಂಬ ಹೆಸರು. ಪಾರ್ಕ್‌ನಲ್ಲಿ ಆ ಹೆಸರಿನ ಯಂತ್ರ ಒಂದಲ್ಲ, ಎರಡು. ಮೊದಲನೆಯದು ಕೋಲ್ಯಾಬ್ ಎಂಬ ಪ್ರಯೋಗಾತ್ಮಕ ಸಭಾಕೋಣೆಯದು. 1987ರ ಜನವರಿಯಲ್ಲಿ ಮಾರ್ಕ್ ಸ್ಟೆಫಿಕ್ ಮತ್ತು ಸಂಗಡಿಗರು ಇದರ ಬಗ್ಗೆ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯ ಮೊದಲರ್ಧಕ್ಕೆ ‘ಸೀಮೆಸುಣ್ಣದ ಹಲಗೆಯಾಚೆ’ ಎಂಬರ್ಥ. ಈ ಅರ್ಧವನ್ನಷ್ಟೇ ಉಲ್ಲೇಖಿಸುವವರಿಗೆ ಶಾಲೆಯ ವಾಸನೆ ಬಡಿಯುವುದು ಸಹಜ. ಶೀರ್ಷಿಕೆಯಲ್ಲಿ ಒಂದು ವಿವರಣ ಚಿಹ್ನೆಯಿದೆ, ಅದರ ಮುಂದೆಯೂ ಮಾತಿದೆ, ಅಲ್ಲಿ ‘ಸಭೆ’ ಎಂಬ ಪದ ಕಣ್ಣಿಗೆ ರಾಚುವಂತಿದೆ. ಇಬ್ಬರಿಂದ ಆರು ಮಂದಿ ಕೂರುವ ಕೋಣೆ. ಪ್ರತಿಯೊಬ್ಬರ ಮುಂದೆ ಒಂದು ಕಂಪ್ಯೂಟರ್, ಎಲ್ಲವಕ್ಕೂ ಪರಸ್ಪರ ಜಾಲಸಂಪರ್ಕ. ಎದುರಿಗೆ ಸ್ಪರ್ಶಕ್ಕೆ ಸ್ಪಂದಿಸುವ ದೊಡ್ಡ ಪರದೆ, ನಿಂತುಕೊಂಡೇ ಒತ್ತಬಹುದಾದ ಕೀಲಿಮಣೆ. ಬೋರ್ಡ್‌ನೋಟರ್ ಎಂಬ ತಂತ್ರಾಂಶದ ಉದ್ದೇಶವೇ ಕರಿಹಲಗೆಯ ಅನುಕರಣೆ. ಒಬ್ಬರು ಕಾಣುವುದನ್ನೇ ಎಲ್ಲರೂ ಕಾಣಬೇಕೆಂಬುದು ಅಲ್ಲಿನ ನಿಯಮವಾಗಿತ್ತು. ಪ್ರಬಂಧದ ಲೇಖಕರಲ್ಲಿ ಮಾನವಶಾಸ್ತ್ರಜ್ಞೆ ಲೂಸಿ ಸುಚ್‌ಮನ್ ಕೂಡ ಇದ್ದರು. ಮನುಷ್ಯರು ಕೂತು ಕೆಲಸ ಮಾಡುವುದನ್ನು ನೋಡಿ ಬರೆದವರ ಮಾತಿಗೆ, ಕರಪತ್ರ ನೋಡಿ ಬರೆದವರ ಮಾತಿಗಿಂತ ನಾನು ಹೆಚ್ಚು ತೂಕ ಕೊಡುತ್ತೇನೆ.

ಎರಡನೆಯ ಲೈವ್‌ಬೋರ್ಡ್ 1992ರ ಪ್ರಬಂಧದಲ್ಲಿ ಸ್ಕಾಟ್ ಎಲ್ರಾಡ್ ಮತ್ತು ಸಂಗಡಿಗರು ವಿವರಿಸಿದ್ದು. 46 ಅಂಗುಲ ಅಗಲ, 32 ಅಂಗುಲ ಎತ್ತರದ ಪರದೆ, ಬೆಳಕು ಹಿಂದಿನಿಂದ ಬೀಳುತ್ತದೆ. ಬರೆಯುವುದು ವೈರಿಲ್ಲದ ಪೆನ್ನಿನಿಂದ: ಅದು ಕಿರಣ ಹೊಮ್ಮಿಸುತ್ತದೆ, ಪರದೆಯ ಹಿಂದಿನ ಸಂವೇದಕ ಆ ಚುಕ್ಕೆ ಎಲ್ಲಿದೆಯೆಂದು ಹಿಡಿಯುತ್ತದೆ. ಈ ಪೆನ್ನು ಹಲಗೆಗೆ ತಾಗಲೇಬೇಕೆಂದಿಲ್ಲ, ದೂರ ನಿಂತೂ ತೋರಿಸಬಹುದು. ಬೆರಳಿನಿಂದ ತೀಡಿದರೆ ಒಂದು ಗೆರೆಯೂ ಮೂಡದು. ಅಂದರೆ 1987ರ ಯಂತ್ರ ಮುಟ್ಟಿದರೆ ಸ್ಪಂದಿಸುವಂಥದ್ದು, 1992ರದು ಮುಟ್ಟುವ ಗೊಡವೆಯೇ ಇಲ್ಲದ್ದು. ಎರಡನ್ನೂ ಕಲಸಿ ‘1990ರ ಟಚ್ ಹಲಗೆ’ ಎಂಬ ಮೂರನೆಯದನ್ನು ಹುಟ್ಟಿಸಿದ್ದು ನಮ್ಮ ಟಿಪ್ಪಣಿಕಾರರು. 1991ರ ಸ್ಮಾರ್ಟ್ ಬೋರ್ಡ್‌ಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ: ಬೆರಳ ಒತ್ತಡದಿಂದ ನಡೆಯುವ ಹಲಗೆಯನ್ನು ಅದು ಅಂಗಡಿಗೆ ತಂದಿತು. ಆದರೆ ಆ ಬೆರಳು ಅದಕ್ಕಿಂತ ಮೊದಲೇ ಒಂದು ಸಭಾಕೋಣೆಯಲ್ಲಿ ಆಡಿತ್ತು.

ಹಾಗಾದರೆ ತರಗತಿಗೆ ಪಾಲೇ ಇಲ್ಲವೇ? ಇದೆ. ಅದನ್ನು ನನಗೆ ತೋರಿಸಿಕೊಟ್ಟದ್ದು ಪುಸ್ತಕವಲ್ಲ, ಗುಜರಾತಿ ಗಲ್ಲಿಯ ಒಂದು ಅಂಗಡಿ. 75 ಅಂಗುಲದ ಪ್ಯಾನೆಲ್ ಮುಂದೆ ನಿಂತ ಹುಡುಗ ಕಂಪನಿಯ ಪೆನ್ನು ಸಿಗದೆ, ಮುಚ್ಚಳ ಹಾಕಿದ್ದ ಬಾಲ್ ಪೆನ್ನಿನಲ್ಲೇ ಬರೆದು ತೋರಿಸಿದ. ನಾನು ‘ಕೋಠಿ’ ಎಂದು ಬರೆಯಲು ಹೋದೆ. ‘ಕೋ’ದ ದೀರ್ಘ ಎಳೆಯುವಷ್ಟರಲ್ಲಿ ಜುಬ್ಬಾದ ತೋಳು ತಾನೇ ಕೆಳಗಡೆ ಒಂದು ಗೆರೆ ಎಳೆದುಬಿಟ್ಟಿತ್ತು. ಗಾಜಿಗೆ ಬಟ್ಟೆ ಇನ್ನೂ ತಾಗಿರಲಿಲ್ಲ. ‘ತೋಳು ಮಡಿಸಿಕೊಳ್ಳಿ ಸಾರ್’ ಎಂದ ಹುಡುಗ. ಈ ಹಲಗೆಗಳ ಚೌಕಟ್ಟಿನ ಒಂದು ಅಂಚಿನಲ್ಲಿ ಅವಗೆಂಪು ಕಿರಣದ ಸಾಲುದೀಪ, ಎದುರಂಚಿನಲ್ಲಿ ಸಂವೇದಕಗಳು; ಅಡ್ಡ ಒಂದು ಸಾಲು, ಉದ್ದ ಒಂದು ಸಾಲು. ನಡುವೆ ಏನು ಅಡ್ಡ ಬಂದರೂ ಹಲಗೆಗೆ ಅದು ಬೆರಳೇ. ಕೋಠಿಯಲ್ಲಿ ‘ಟಚ್’ ಎಂದು ಮಾರುವುದು ಸ್ಪರ್ಶವನ್ನಲ್ಲ, ತಡೆಯನ್ನು. ಇದೇ ಉಪಾಯ, ಹದಿನಾರು ಸಾಲು ಹದಿನಾರು ಕಂಬದ ಜಾಲವಾಗಿ, 1972ರ ಪ್ಲೇಟೊ-4ರಲ್ಲಿತ್ತು. ಪ್ಲೇಟೊ ಇಲಿನಾಯ್ ವಿಶ್ವವಿದ್ಯಾಲಯದ ಪಾಠದ ಯಂತ್ರ. ಆದ್ದರಿಂದ ಚೌಕಟ್ಟಿನ ಉಪಾಯ ಪಾಠಶಾಲೆಯದು ಎನ್ನುವುದಾದರೆ ಒಪ್ಪುತ್ತೇನೆ. ಹಲಗೆ ಹುಟ್ಟಿದ್ದು ತರಗತಿಯಲ್ಲಿ ಎನ್ನುವವರು ಈ ವಾದ ಹೂಡಿದ್ದರೆ ನನ್ನ ಕೆಲಸ ಕಷ್ಟವಾಗುತ್ತಿತ್ತು. ಅವರು ಪ್ಲೇಟೊ ಗೊಡವೆಗೇ ಹೋಗಿಲ್ಲ.

ಇಂಥ ಹಲಗೆಗಳ ಇನ್ನೊಂದು ಕೆಲಸ ಬರೆದದ್ದನ್ನು ದೂರಕ್ಕೆ ಕಳಿಸುವುದು; ಆ ಎಳೆಯಂತೂ ಮೊದಲಿನಿಂದ ವ್ಯವಹಾರದ್ದೇ. ಎಲಿಷಾ ಗ್ರೇ 1888ರಲ್ಲಿ ಪೇಟೆಂಟ್ ಪಡೆದ ಟೆಲಾಟೋಗ್ರಾಫ್ ಇಲ್ಲಿ ಬರೆದ ಕೈಬರಹವನ್ನು ತಂತಿಯ ಮೂಲಕ ಅಲ್ಲಿ ಮೂಡಿಸುತ್ತಿತ್ತು; ಬ್ಯಾಂಕುಗಳು ಸಹಿ ಕಳಿಸಲು ಅದನ್ನು ಬಳಸಿದವು.

ಇನ್ನು ಕನ್ನಡದ್ದೇ ಒಂದು ಸಾಕ್ಷ್ಯ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಲೇಪ ಕೊಟ್ಟು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಡತ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿದ್ದಾನೆ: ವರ್ತಕರ ಲೆಕ್ಕಕ್ಕೆ ಬಳಕೆ, ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆಲ್ಲ ಗೊತ್ತು. ಈ ಕರಿಬಟ್ಟೆಯಿಂದ ಕೋಲ್ಯಾಬ್ ಹುಟ್ಟಿತೆಂದು ನಾನು ಹೇಳಲಾರೆ. ಅಂಥ ಪೌರಾಣಿಕ ವಂಶಾವಳಿ ಬರೆಯುವವರು ಬೇರೆ ಇದ್ದಾರೆ. ಹೇಳುವುದಿಷ್ಟೇ: ಒರೆಸಿ ಬರೆಯುವ ಕಪ್ಪು ಮೈ ಎಂದೊಡನೆ ಗುರುಗಳೂ ಬೆತ್ತವೂ ನೆನಪಾಗಬೇಕಿಲ್ಲ. ನಮ್ಮಲ್ಲಿ ಅದು ಅಂಗಡಿಯಲ್ಲಿತ್ತು, ಮಠದ ಪಾರುಪತ್ಯದಲ್ಲಿತ್ತು. ಇವತ್ತಿಗೂ ವಿಧಾನಸೌಧದ ಫೈಲಿಗೆ ಕನ್ನಡದಲ್ಲಿ ಕಡತ ಎಂದೇ ಹೆಸರು, ಶಾಲೆಯ ಹಲಗೆಗಲ್ಲ.

ಟಚ್ ಹಲಗೆಗಳ ಚರಿತ್ರೆಗೆ ಈಗ ಸಿಗುವ ಆಧಾರ ದಿನೇದಿನೇ ಕರಗುತ್ತಿದೆ. ಲೈವ್‌ಬೋರ್ಡ್ ಮಾರಲೆಂದು ಜೆರಾಕ್ಸ್ ತೆರೆದಿದ್ದ ಲೈವ್‌ವರ್ಕ್ಸ್ 1997ರಲ್ಲಿ ಮುಚ್ಚಿತು. 2016ರಲ್ಲಿ ಗೂಗಲ್ ಘೋಷಿಸಿದ 55 ಅಂಗುಲದ ಜಾಮ್‌ಬೋರ್ಡ್‌ನ ಸೇವೆ 2024ರ ಕೊನೆಗೆ ನಿಂತಿತು. ಕೋಠಿಯಲ್ಲಿ ಹಳೆ ಪುಸ್ತಕ ಹುಡುಕುವ ಕನ್ನಡಿಗರಲ್ಲಿ ನನ್ನದೊಂದು ಬೇಡಿಕೆ: ಪ್ರೊಜೆಕ್ಟರ್, ಹಲಗೆಗಳ ಹಳೆ ಕೈಪಿಡಿ, ದರಪಟ್ಟಿ ಕೈಗೆ ಸಿಕ್ಕರೆ ರದ್ದಿಗೆ ಬಿಡಬೇಡಿ. ಇಸವಿ ಇರುವ ಪುಟವನ್ನಾದರೂ ಎತ್ತಿಡಿ.