ಗುರಿ ತಪ್ಪಿದಾಗ: ಲ್ಯಾಂಬ್ಟನ್ನನ ದೂರದರ್ಶಕವೂ ಬೀದರದ ಆಧಾರರೇಖೆಯೂ

ಬೆಂಗಳೂರಿನಿಂದ ಕಾಚಿಗೂಡಕ್ಕೆ ಬರುವ ರೈಲು ಅನಂತಪುರ, ಗುತ್ತಿ, ಕರ್ನೂಲುಗಳನ್ನು ದಾಟಿ ಉತ್ತರಕ್ಕೆ ಸಾಗುತ್ತದೆ. ನಮ್ಮಲ್ಲಿ ಹಲವರು ನಿದ್ದೆಯಲ್ಲೇ ಕಳೆಯುವ ಈ ದಾರಿಯ ಆಚೀಚೆಯ ಬೆಟ್ಟಗಳ ಮೇಲೆ ಇನ್ನೂರು ವರ್ಷಗಳ ಹಿಂದೆ ಒಂದು ಯಂತ್ರ ಏರುತ್ತ ಇಳಿಯುತ್ತ ಸಾಗಿತ್ತು. ಕಾಚಿಗೂಡದ ನಿಲ್ದಾಣ ಕಟ್ಟಿದ್ದು 1916ರಲ್ಲಿ; ನಾವು ಹೇಳಹೊರಟಿರುವುದು ಅದಕ್ಕೂ ನೂರು ವರ್ಷ ಹಿಂದಿನ ಮಾತು. ಬೆಂಗಳೂರಿನಲ್ಲಿ ಮೊದಲಾಗಿ ಗುತ್ತಿಯನ್ನು ಹಾದು ಬೀದರವನ್ನು ಮುಟ್ಟಿದ ಆ ಅಳತೆಯ ಕಥೆ, ನೆಟ್ಟ ನೋಟವೂ ಏಕೆ ಸುಳ್ಳಾಗುತ್ತದೆ ಎಂಬುದನ್ನು ಹುಡುಕಿದವರ ಕಥೆಯೂ ಹೌದು.

ವಿಲಿಯಂ ಲ್ಯಾಂಬ್ಟನ್ 33ನೆಯ ಪದಾತಿದಳದ ಅಧಿಕಾರಿ. 1799ರ ಶ್ರೀರಂಗಪಟ್ಟಣದ ಯುದ್ಧದ ಕಾಲದಲ್ಲಿ, ರಾತ್ರಿ ಹೊರಟ ದಂಡು ದಿಕ್ಕು ತಪ್ಪಿ ಶತ್ರುವಿನತ್ತಲೇ ನಡೆಯುತ್ತಿದೆಯೆಂದು ನಕ್ಷತ್ರ ನೋಡಿ ಎಚ್ಚರಿಸಿದವನು ಈತನೇ. ಟಿಪ್ಪು ಮಡಿದ ಮೇಲೆ, ಗೆದ್ದ ನಾಡನ್ನು ತ್ರಿಭುಜಗಳಿಂದ ಅಳೆಯುವ ಯೋಜನೆಯನ್ನು ಕಂಪನಿಯ ಮುಂದಿಟ್ಟ. ನಾಡನ್ನು ಅಳೆಯುವುದೆಂದರೆ ಆಳುವುದಕ್ಕೆ ಸಿದ್ಧತೆ ಎಂಬುದನ್ನು ಕನ್ನಡಿಗರಾದ ನಾವು ಮರೆಯಬೇಕಿಲ್ಲ. ಆದರೆ ಆತನ ಕುತೂಹಲ ಅಲ್ಲಿಗೇ ನಿಲ್ಲುವಂಥದಾಗಿರಲಿಲ್ಲ: ಭೂಮಿಯ ಆಕಾರವೇ ಆತನಿಗೆ ಬೇಕಾಗಿತ್ತು. 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಉಕ್ಕಿನ ಸರಪಣಿ ಎಳೆದು ಏಳೂವರೆ ಮೈಲಿಗೆ ತುಸು ಕಡಿಮೆಯಾದ ಮೊದಲ ಆಧಾರರೇಖೆಯನ್ನು ಅಳೆದ.

ಹೀಗೆ ಒಂದು ಬದಿಯನ್ನು ನೆಲದ ಮೇಲೆ ಅಳೆದರೆ ಉಳಿದುದೆಲ್ಲ ಕಣ್ಣಿನ ಕೆಲಸ. ಆ ರೇಖೆಯ ಎರಡು ತುದಿಗಳಿಂದಲೂ ದೂರದ ಬೆಟ್ಟವೊಂದನ್ನು ನೋಡಿ ಕೋನ ಗುರುತಿಸಿದರೆ ತ್ರಿಭುಜದ ಮಿಕ್ಕೆರಡು ಬದಿಗಳು ಲೆಕ್ಕದಿಂದ ಸಿಗುತ್ತವೆ. ಅವುಗಳ ಮೇಲೆ ಮತ್ತೊಂದು ತ್ರಿಭುಜ. ಕೋನ ಅಳೆಯಲು ಲಂಡನ್ನಿನ ಕೇರಿ ಎಂಬಾತ ಮಾಡಿಕೊಟ್ಟ ದೊಡ್ಡ ಥಿಯೊಡೊಲೈಟ್ ಇತ್ತು. ಅರ್ಧ ಟನ್ ತೂಕ, 36 ಅಂಗುಲ ಅಗಲದ ಅಂಶವೃತ್ತ, ಅದರ ಮೇಲೆ ತಿರುಗುವ ದೂರದರ್ಶಕ. ಬರುವ ದಾರಿಯಲ್ಲಿ ಅದನ್ನು ಹೊತ್ತ ಹಡಗು ಫ್ರೆಂಚರ ಕೈಗೆ ಸಿಕ್ಕು ಯಂತ್ರ ಮಾರಿಷಸ್ಸಿಗೆ ಹೋಯಿತು; ಅಲ್ಲಿನ ರಾಜ್ಯಪಾಲ ಯುದ್ಧದ ನಡುವೆಯೂ ಅದನ್ನು ಸೌಜನ್ಯದಿಂದ ಮದರಾಸಿಗೆ ಕಳುಹಿಸಿಕೊಟ್ಟ.

ರೈಫಲ್ಲಿಗೆ ಸ್ಕೋಪು ಕೂಡಿಸಿ ಗುರಿ ಹೊಂದಿಸುವವರಿಗೆ ಈ ಯಂತ್ರದ ಸಂಕಟಗಳು ತಕ್ಷಣ ಪರಿಚಿತವೆನಿಸಬಹುದು. ಎರಡರಲ್ಲೂ ಇರುವುದು ದೂರದರ್ಶಕವೇ, ಅದರೊಳಗೆ ಅಡ್ಡಲಾಗಿ ಹಾಯ್ದ ಸಣ್ಣ ಎಳೆಗಳೇ. ಗುಂಡುಗಳೆಲ್ಲ ಒಂದೇ ಕಡೆ ಒತ್ತಾಗಿ ಬಿದ್ದು ಗುರಿಯಿಂದ ಮಾತ್ರ ದೂರವಿದ್ದರೆ ತಿರುಪನ್ನು ಅಷ್ಟು ತಿರುಗಿಸಿದರಾಯಿತು. ಚದುರಿ ಬಿದ್ದರೆ ತಿರುಪು ಮುಟ್ಟಿ ಪ್ರಯೋಜನವಿಲ್ಲ. ಹಿಡಿಕೆ ಸಡಿಲವೋ, ಕಣ್ಣು ಸರಿದಾಗ ಎಳೆಯೂ ಗುರಿಯ ಮೇಲೆ ಸರಿಯುತ್ತಿದೆಯೋ ಎಂದು ಮೊದಲು ನೋಡಬೇಕು. ಸರ್ವೆಯವರೂ ತಪ್ಪುಗಳನ್ನು ಹೀಗೆಯೇ ಬೇರ್ಪಡಿಸುತ್ತಿದ್ದರು. ಎಳೆ ನಡುವಿನಿಂದ ವಾಲಿದ್ದರೆ, ದೂರದರ್ಶಕವನ್ನು ಬೆನ್ನುಮಗುಚಿ ಅದೇ ಗುರಿಯನ್ನು ಮತ್ತೊಮ್ಮೆ ನೋಡಿದಾಗ ಆ ತಪ್ಪು ಎದುರು ದಿಕ್ಕಿಗೆ ಬೀಳುತ್ತದೆ. ಎರಡರ ಸರಾಸರಿಯಲ್ಲಿ ಅಳಿದುಹೋಗುತ್ತದೆ. ಪ್ರತಿ ತ್ರಿಭುಜವೂ ತಾನೇ ಒಂದು ಪರೀಕ್ಷೆ: ಮೂರು ಕೋನಗಳು ಕೂಡಿ 180 ಅಂಶಕ್ಕೆ, ಭೂಮಿಯ ಗುಂಡಗಿನ ಕಾರಣ ಅದಕ್ಕಿಂತ ಎಳ್ಳಷ್ಟು ಹೆಚ್ಚಿಗೆ, ಬರಲೇಬೇಕು.

1808ರಲ್ಲಿ ತಂಜಾವೂರಿನಲ್ಲಿ ಅನಾಹುತ ನಡೆಯಿತು. ಬಯಲುಸೀಮೆಯಲ್ಲಿ ಬೆಟ್ಟಗಳಿಲ್ಲದ್ದರಿಂದ ಯಂತ್ರವನ್ನು ದೊಡ್ಡ ಗುಡಿಯ ತುದಿಗೆ ಎಳೆಸುತ್ತಿದ್ದಾಗ ಹಗ್ಗ ಹರಿದು ಅದು ಗೋಡೆಗೆ ಅಪ್ಪಳಿಸಿತು. ಅಂಶವೃತ್ತ ಸೊಟ್ಟಗಾಯಿತು. ಇದು ತಿರುಪಿನಿಂದ ತಿದ್ದುವ ದೋಷವಲ್ಲ: ಸೊಟ್ಟ ವೃತ್ತ ಒಂದು ದಿಕ್ಕಿನಲ್ಲಿ ಒಂದು ತಪ್ಪು ಹೇಳಿದರೆ ಮತ್ತೊಂದು ದಿಕ್ಕಿನಲ್ಲಿ ಇನ್ನೊಂದು ಹೇಳುತ್ತದೆ. ಮುಂದಿನ ನೂರಾರು ಮೈಲಿಯ ಕೆಲಸವೆಲ್ಲ ಆ ಒಂದು ಲೋಹದ ಬಳೆಯ ಮೇಲೆ ನಿಂತಿತ್ತು. ಲ್ಯಾಂಬ್ಟನ್ ತಿರುಚಿನಾಪಳ್ಳಿಯಲ್ಲಿ ಡೇರೆಯೊಳಗೆ ಕುಳಿತ. ವೃತ್ತದ ಸರಿಯಾದ ಅಳತೆಯನ್ನು ಹಲಗೆಯ ಮೇಲೆ ಕೊರೆದು, ಬೆಣೆ, ತಿರುಪು, ರಾಟೆಗಳಿಂದ ಸೊಟ್ಟ ಲೋಹವನ್ನು ಅದಕ್ಕೆ ಹೊಂದುವಂತೆ ಎಳೆದ. ಬಾಗಿದ ಕಂಬಿಗಳನ್ನು ಮರದ ಪುಟ್ಟ ಸುತ್ತಿಗೆಯಿಂದ ಬಡಿದು ನೇರಗೊಳಿಸಿದ. ಆರು ವಾರ ಹಿಡಿಯಿತು. ಯಂತ್ರ ಬಹುಮಟ್ಟಿಗೆ ಮೊದಲಿನಂತಾಯಿತು.

ಯಂತ್ರ ನೆಟ್ಟಗಿದ್ದರೂ ಗಾಳಿ ಸುಮ್ಮನಿರುವುದಿಲ್ಲ. ದಖ್ಖನಿನ ಬಿಸಿಲಿನಲ್ಲಿ ಕಾದ ನೆಲದ ಮೇಲಿನ ಗಾಳಿ ದೂರದ ಬಾವುಟವನ್ನು ಕುಣಿಸುತ್ತದೆ. ಬೆಳಕು ಬಾಗಿ ಬೆಟ್ಟವೇ ಮೇಲಕ್ಕೆ ಎದ್ದಂತೆ ಕಾಣುತ್ತದೆ. ಅದಕ್ಕೇ ಮಳೆ ತೊಳೆದ ಆಕಾಶಕ್ಕಾಗಿ ಮಳೆಗಾಲದಲ್ಲೇ ಕೆಲಸ ಮಾಡಬೇಕಾಯಿತು. ಅದರ ಬೆಲೆ ಜ್ವರ. 1818ರ ಕೊನೆಗೆ ಹೈದರಾಬಾದಿನಲ್ಲಿ ಲ್ಯಾಂಬ್ಟನ್ನನನ್ನು ಕೂಡಿಕೊಂಡ ಜಾರ್ಜ್ ಎವರೆಸ್ಟ್ ತೆಲಂಗಾಣದ ಕಾಡಿನಲ್ಲಿ ಜ್ವರಬಿದ್ದು ಸಾವಿನ ಅಂಚಿಗೆ ಹೋಗಿ ಬಂದ. ಆತನೊಡನೆ ಹೋದ ಖಲಾಸಿಗಳಲ್ಲಿ ಹಲವರು ಮರಳಲಿಲ್ಲ. ಹಿಮಾಲಯದ ಶಿಖರಕ್ಕೆ ಎವರೆಸ್ಟನ ಹೆಸರು ಬಂತು. ಬಾವುಟ ಹಿಡಿದು ಬೆಟ್ಟದ ನೆತ್ತಿಯಲ್ಲಿ ನಿಂತವರ ಹೆಸರು ಯಾವ ಗುಡ್ಡಕ್ಕೂ ಇಲ್ಲ.

ನಮಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಬೆಂಗಳೂರಿನ ಬಳಿಯ ತೊಡಕು. ಅಲ್ಲಿ ನಕ್ಷತ್ರಗಳಿಂದ ಅಳೆದ ಅಕ್ಷಾಂಶಕ್ಕೂ ತ್ರಿಭುಜಗಳಿಂದ ಬಂದ ಅಕ್ಷಾಂಶಕ್ಕೂ ತಾಳೆಯಾಗಲಿಲ್ಲ. ನೆತ್ತಿಯ ದಿಕ್ಕನ್ನು ನಿಶ್ಚಯಿಸುವುದು ತೂಗುಗುಂಡು, ಗೋಡೆ ನೇರವಿದೆಯೇ ಎಂದು ನೋಡಲು ನಮ್ಮ ಗಾರೆಯವರು ಇಳಿಬಿಡುವಂಥದೇ. ಅದು ನೇರ ಕೆಳಕ್ಕೆ ತೂಗುವುದೆಂಬ ನಂಬಿಕೆಯೇ ಇಲ್ಲಿ ಕೈಕೊಟ್ಟಿತ್ತು. ನೆಲದಡಿ ಭಾರವಾದ ಅದಿರು ಹುದುಗಿದ್ದು ಅದು ಗುಂಡನ್ನು ತನ್ನತ್ತ ಸೆಳೆಯುತ್ತಿರಬೇಕೆಂದು ಲ್ಯಾಂಬ್ಟನ್ ಊಹಿಸಿದ. ಕಣ್ಣು, ಎಳೆ, ವೃತ್ತ ಎಲ್ಲವನ್ನೂ ಶೋಧಿಸಿದ ಬಳಿಕ ಸಂಶಯ ಭೂಮಿಯ ಮೇಲೆಯೇ ಹೋಯಿತು. ಇಂಥ ಸಂಶಯಕ್ಕೆ ಧೈರ್ಯ ಬೇಕು. ಸೋಮಾರಿಗೆ ಇದು ಒಳ್ಳೆಯ ನೆಪವೂ ಆದೀತು. ಆತ ಮಿಕ್ಕೆಲ್ಲವನ್ನೂ ಮೊದಲು ಪರೀಕ್ಷಿಸಿದ್ದನೆಂಬುದೇ ವ್ಯತ್ಯಾಸ.

ಬೀದರದ ಆಧಾರರೇಖೆಯನ್ನು ಆತ ಅಳೆದದ್ದು 1815ರಲ್ಲಿ. ಬೀದರವೂ ಕಾಚಿಗೂಡವೂ ಆಗ ನಿಜಾಮರ ಒಂದೇ ಸೀಮೆ. 1956ರವರೆಗೂ ಒಂದೇ ರಾಜ್ಯದಲ್ಲಿ ಉಳಿದವು. 1823ರ ಜನವರಿಯಲ್ಲಿ, ನಾಗಪುರದತ್ತ ಸಾಗುವಾಗ, ಹಿಂಗಣಘಾಟದಲ್ಲಿ ಲ್ಯಾಂಬ್ಟನ್ ತೀರಿಕೊಂಡ. ಎವರೆಸ್ಟ್ ಆ ಸವೆದ ಥಿಯೊಡೊಲೈಟಿನಿಂದಲೇ ಬೀದರದ ಉತ್ತರಕ್ಕೆ ಸಿರೋಂಜಿನವರೆಗೆ ಹೋದ, ಆದರೆ ಅದನ್ನು ನಂಬಲಿಲ್ಲ. ಇಂಗ್ಲೆಂಡಿನಿಂದ ಹೊಸ ಯಂತ್ರಗಳನ್ನು ತಂದು ಅದೇ ಭಾಗವನ್ನು ಮತ್ತೆ ಅಳೆಸಿದ. ಒಂದೇ ಕೋನವನ್ನು ವೃತ್ತದ ಬೇರೆಬೇರೆ ಭಾಗಗಳ ಮೇಲೆ ಓದಿ, ಗೆರೆಗಳ ಓರೆಕೋರೆಗಳು ಒಂದನ್ನೊಂದು ಕಳೆಯುವಂತೆ ಮಾಡಿದ. ಆ ಯಂತ್ರಗಳು ಕೆಟ್ಟಾಗ ಅವುಗಳನ್ನು ಸರಿಪಡಿಸುವುದರಲ್ಲಿ ಆರ್ಕಾಟಿನ ಸೈಯದ್ ಮೀರ್ ಮೊಹಸಿನ್ ಹುಸೇನರ ಕೈಚಳಕ ದೊಡ್ಡದು. ಸರ್ವೆಯ ಗಣಿತಯಂತ್ರ ತಯಾರಕರ ಹುದ್ದೆಯೂ ಮುಂದೆ ಅವರಿಗೇ ಬಂತು.

1841ರಲ್ಲಿ ಆಂಡ್ರ್ಯೂ ವಾ ಬೀದರದ ರೇಖೆಯನ್ನು ನೆಲದ ಮೇಲೆ ಮತ್ತೊಮ್ಮೆ ಅಳೆದ. ಸಿರೋಂಜಿನಿಂದ ನಾನೂರಕ್ಕೂ ಹೆಚ್ಚು ಮೈಲಿ, ಬೆಟ್ಟದಿಂದ ಬೆಟ್ಟಕ್ಕೆ ನೋಡುತ್ತ ಬಂದ ಲೆಕ್ಕ ಒಂದು ಕಡೆ. ಮಣ್ಣಿನ ಮೇಲಿಟ್ಟ ಸಲಾಕೆಗಳ ಅಳತೆ ಇನ್ನೊಂದು ಕಡೆ. ಸುಮಾರು ಎಂಟು ಮೈಲಿಯ ಆ ರೇಖೆಯಲ್ಲಿ ಇವೆರಡಕ್ಕೂ ಬಂದ ವ್ಯತ್ಯಾಸ ಅರ್ಧ ಅಡಿಯನ್ನೂ ಮುಟ್ಟಲಿಲ್ಲ.