ಪುಟ್ಟ ದ್ವೀಪಗಳ ಅಂಚೆಚೀಟಿಗಳು

ನಿಮ್ಮ ಮನೆಯಲ್ಲಿ ಅಂಚೆಚೀಟಿ ಸಂಗ್ರಹಿಸುವ ಮಕ್ಕಳಿದ್ದರೆ ಅವರಿಗೆ ಜರ್ಸಿ, ಗರ್ನ್ಸಿ ದ್ವೀಪಗಳ ಕಥೆಯನ್ನು ಹೇಳಿರಿ. ಫ್ರಾನ್ಸಿನ ಕರಾವಳಿಗೆ ಸಮೀಪವಿರುವ ಈ ನಾಡುಗಳು ಬ್ರಿಟಿಷ್ ಅರಸೊತ್ತಿಗೆಗೆ ಸೇರಿದ್ದರೂ ತಮ್ಮದೇ ಶಾಸನಸಭೆಗಳ ಮೂಲಕ ತಮ್ಮನ್ನು ತಾವೇ ಆಳಿಕೊಳ್ಳುತ್ತವೆ. ಗರ್ನ್ಸಿಯ ವಿಸ್ತೀರ್ಣ ಸುಮಾರು 65 ಚದರ ಕಿಲೋಮೀಟರ್ ಮಾತ್ರ.

1940ರ ಬೇಸಿಗೆಯಲ್ಲಿ ಜರ್ಮನ್ ಸೇನೆ ಈ ದ್ವೀಪಗಳನ್ನು ಆಕ್ರಮಿಸಿತು. ಇಂಗ್ಲೆಂಡಿನಿಂದ ಬರುತ್ತಿದ್ದ ಅಂಚೆಚೀಟಿಗಳು ನಿಂತವು. ಎರಡು ಪೆನ್ನಿಯ ಚೀಟಿಯನ್ನು ಓರೆಯಾಗಿ ಕತ್ತರಿಸಿ, ಅರ್ಧವನ್ನು ಒಂದು ಪೆನ್ನಿಗೆ ಬಳಸಬೇಕಾಯಿತು. 1941ರಲ್ಲಿ ಎರಡೂ ದ್ವೀಪಗಳು ಸ್ಥಳೀಯ ಪತ್ರಿಕೆಗಳ ಮುದ್ರಣಾಲಯದಲ್ಲಿ ತಮ್ಮದೇ ಚೀಟಿಗಳನ್ನು ಅಚ್ಚು ಹಾಕಿಸಿದವು. ಕಾಗದದ ಅಭಾವದಿಂದ 1942ರಲ್ಲಿ ಗರ್ನ್ಸಿ ಫ್ರೆಂಚ್ ಬ್ಯಾಂಕ್ ನೋಟಿನ ಕಾಗದವನ್ನೇ ಬಳಸಿತು. ಜರ್ಸಿಯ ಕಲಾವಿದ ಎಡ್ಮಂಡ್ ಬ್ಲಾಂಪೀಡ್ 1943ರ ಮೂರು ಪೆನ್ನಿಯ ಚೀಟಿಯಲ್ಲಿ, ಅಂಕಿಯ ಇಕ್ಕೆಲದ ಬಳ್ಳಿಸುರುಳಿಯೊಳಗೆ ದೊರೆ ಜಾರ್ಜರ ‘ಜಿ. ಆರ್.’ ಎಂಬ ಅಕ್ಷರಗಳನ್ನು ಅಡಗಿಸಿಟ್ಟರು. ಆಳುವವರ ಕಣ್ಣೆದುರಿನಲ್ಲೇ ಜನರ ನಿಷ್ಠೆ ಲಕೋಟೆಯ ಮೇಲೆ ಸಂಚರಿಸಿತು.

ಆದರೆ ಆ ಚೀಟಿಗಳಿಗೆ ಕಡಲು ದಾಟುವ ಶಕ್ತಿಯಿರಲಿಲ್ಲ. ಮುಂಚೆಯೇ ಇಂಗ್ಲೆಂಡಿಗೆ ಕಳುಹಿಸಿದ್ದ ಮಕ್ಕಳ ಕ್ಷೇಮ ತಿಳಿಯಲು ಹೆತ್ತವರಿಗಿದ್ದ ದಾರಿ ರೆಡ್ ಕ್ರಾಸ್ ಸಂದೇಶವೊಂದೇ. ಅದಕ್ಕೂ 25 ಪದಗಳ ಮಿತಿ. 1945ರ ಮೇ 9ರಂದು ಬಿಡುಗಡೆ ದೊರೆಯಿತು. 1969ರ ಅಕ್ಟೋಬರ್ 1ರಿಂದ ಎರಡೂ ದ್ವೀಪಗಳು ಸ್ವಂತ ಅಂಚೆ ಸೇವೆಗಳನ್ನು ನಡೆಸುತ್ತಿವೆ.

ಸ್ವಂತ ಅಂಚೆಯ ಹಿರಿಮೆ ನಮಗೂ ಇತ್ತು. ಲಕ್ಕೂರು, ಮಾಲೂರುಗಳನ್ನೊಳಗೊಂಡ ಕೋಲಾರ ಸೀಮೆ ಮುಂದೆ ಸೇರಿಕೊಂಡ ಮೈಸೂರು ಸಂಸ್ಥಾನದಲ್ಲಿ, 17ನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆಯನ್ನು ನೆಲೆಗೊಳಿಸಿದರು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ತಿರುವಾಂಕೂರು 1888ರಲ್ಲೇ ಶಂಖದ ಗುರುತಿನ ಚೀಟಿ ಹೊರಡಿಸಿತು. ಮೈಸೂರು ಅಂಚೆಯಾದರೋ ಸ್ವಂತ ಚೀಟಿಯನ್ನು ಹೊರಡಿಸಲೇ ಇಲ್ಲ. ಎರಡು ಶತಮಾನಗಳ ಓಲೆಕಾರರ ದುಡಿಮೆಗೆ ಆಲ್ಬಮ್ಮಿನಲ್ಲಿ ಒಂದು ಪುಟವೂ ಇಲ್ಲ. ಐದು ವರ್ಷ ನರಳಿದ ದ್ವೀಪದ ನೆನಪು ಚೀಟಿಯಿಂದ ಉಳಿದರೆ, ನಮ್ಮ ನೆನಪು ಹಳೆಯ ಪತ್ರಗಳಲ್ಲಷ್ಟೇ ಉಳಿಯಬಲ್ಲದು.

ಆದ್ದರಿಂದ ಓದುಗರೇ, ಹಿರಿಯರ ಟ್ರಂಕಿನಲ್ಲಿರುವ ಕಾರ್ಡು, ಇನ್‌ಲ್ಯಾಂಡ್ ಪತ್ರಗಳನ್ನು ಒಲೆಗೆ ಹಾಕದಿರಿ. ಮಕ್ಕಳು ಚೀಟಿಯನ್ನು ಮಾತ್ರ ಕಿತ್ತು ಲಕೋಟೆಯನ್ನು ಎಸೆಯದಿರಲಿ. ಊರಿನ ಮೊಹರು, ದಿನಾಂಕ, ಅಜ್ಜಿಯ ಕೈಬರಹ, ಇವೆಲ್ಲವೂ ಸೇರಿದಾಗಲೇ ಅದು ಒಂದು ಮನೆತನದ ಚರಿತ್ರೆಯಾಗುತ್ತದೆ.