ಗಾದಿ ಬದಲಾದರೆ ಗಾಡಿ ಬದಲಾಗುವುದೆ?

ಯಾದಗಿರಿ, ಶಹಾಪುರ, ಸುರಪುರದ ಕಡೆ ‘ಗಾದಿ’ ಎಂದರೆ ಹಾಸಿಗೆ. ಅರಳೆ ತುಂಬಿ, ದಬ್ಬಣದಿಂದ ಹೊಲಿದು, ಆಗಾಗ ಬಿಸಿಲಿಗೆ ಹಾಕುವ ಹಾಸಿಗೆ. ಅದೇ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಅರಸನಿಗೆ ಪಟ್ಟವಾದರೆ ‘ಗಾದಿಗೆ ಬಂದ’ ಎನ್ನುತ್ತಾರೆ. ಚುನಾವಣೆಯಲ್ಲಿ ಸೋತವನು ‘ಗಾದಿ ಕಳೆದುಕೊಂಡ’. ಕೂರುವ ಮೆತ್ತೆಗೂ ಕೂತವನ ಅಧಿಕಾರಕ್ಕೂ ಒಂದೇ ಹೆಸರು. ಹಳೆಯ ಕಾರಿನ ಆಸನ ಕಿತ್ತು ಹೊಸದನ್ನು ಕೂರಿಸುವ ಮುನ್ನ ಈ ಎರಡು ಅರ್ಥಗಳನ್ನೂ ನೆನೆಯುವುದು ಒಳ್ಳೆಯದು.

ಮೋಟಾರು ಬರುವ ಮೊದಲೂ ಈ ಸೀಮೆಯಲ್ಲಿ ಪಯಣಿಗನ ಅಂತಸ್ತು ತಿಳಿಯುತ್ತಿದ್ದುದು ಅವನು ಕೂತ ಜಾಗದಿಂದಲೇ. ರೈತ ಸವಾರಿ ಬಂಡಿಯಲ್ಲಿ ಹುಲ್ಲು ಹಾಸಿ ಮೇಲೆ ಜಮಖಾನ ಹರಡುತ್ತಿದ್ದ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರನಂಥ ಅಧಿಕಾರಿಗಳ ಕಾಲಕ್ಕೆ ದೂರದ ಪಯಣವೆಂದರೆ ಕುದುರೆ, ಇಲ್ಲವೇ ಬೋಯಿಗಳು ಹೊತ್ತ ಪಲ್ಲಕ್ಕಿ. 1871ರಲ್ಲಿ ರಾಯಚೂರು ಮುಟ್ಟಿದ ರೈಲುಹಾದಿ ಯಾದಗಿರಿಯ ಮೇಲೆ ಹಾಯ್ದುಹೋಯಿತು. ಶಹಾಪುರ, ಸುರಪುರಗಳಿಗೆ ಅಲ್ಲಿಂದ ಮುಂದೆ ಬಂಡಿಯೇ ಗತಿ. ರೈಲಿನಲ್ಲಿಯೂ ಅದೇ ಲೆಕ್ಕ: ಮೊದಲ ದರ್ಜೆಗೆ ಮೆತ್ತೆ, ಮೂರನೆಯ ದರ್ಜೆಗೆ ಬರಿಯ ಹಲಗೆ.

1858ರ ಬಂಡಾಯದ ಬಳಿಕ, 1860ರಲ್ಲಿ ಸುರಪುರವೂ ನಿಜಾಮನ ರಾಜ್ಯಕ್ಕೆ ಸೇರಿತು. 1956ರವರೆಗೆ ಈ ಮೂರೂ ಊರುಗಳಿಗೆ ಹೈದರಾಬಾದೇ ರಾಜಧಾನಿ. ‘ಗಾದಿ’ಯ ಎರಡೂ ಅರ್ಥಗಳನ್ನು ಒಂದುಗೂಡಿಸಿದ ಕಾರು ಇಂದಿಗೂ ಅಲ್ಲಿನ ಚೌಮಹಲ್ಲಾ ಅರಮನೆಯಲ್ಲಿ ನಿಂತಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಮಾಡಿಸಲು ಹೇಳಿದ ಹಳದಿ ಬಣ್ಣದ ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟ್ ಅದು. ಅದಕ್ಕೆ ಒಡಲು ಕಟ್ಟಿದ್ದು ಲಂಡನ್ನಿನ ಬಾರ್ಕರ್ ಕಂಪೆನಿ. 1911ರಲ್ಲಿ ಮಹಬೂಬ್ ಅಲಿ ತೀರಿಕೊಂಡಿದ್ದರಿಂದ ಕಾರು ಮಗ ಉಸ್ಮಾನ್ ಅಲಿ ಖಾನನ ಪಾಲಿಗೆ ಬಂತು. ಅದರ ಹಿಂಬದಿಯಲ್ಲಿರುವುದು ಸಾಮಾನ್ಯ ಸೀಟಲ್ಲ, ಎತ್ತರಿಸಿ ಕಟ್ಟಿದ ಸಿಂಹಾಸನ. ಆ ಆಸನ ತೆಗೆದು ಬೇರೊಂದನ್ನು ಹಾಕಿದರೆ ಎಂಜಿನ್ನಿಗೇನೂ ಆಗದು. ಆದರೆ ಆ ಕಾರು ಏಕೆ ಹುಟ್ಟಿತೆಂಬುದೇ ಅಳಿಸಿಹೋಗುತ್ತದೆ.

ಸಿಂಹಾಸನವಿಲ್ಲದ ಕಾರುಗಳ ಆಸನಗಳೂ ಹೀಗೆಯೇ ಮಾತಾಡುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದ ದೊಡ್ಡ ಕಾರುಗಳಲ್ಲಿ ಚಾಲಕನ ಆಸನಕ್ಕೆ ಚರ್ಮ, ಒಡೆಯನ ಆಸನಕ್ಕೆ ಬಟ್ಟೆ ಹೊದಿಸುವುದು ರೂಢಿಯಾಗಿತ್ತು. ಚಾಲಕನ ಜಾಗ ತೆರೆದಿರುತ್ತಿತ್ತು. ಮಳೆ, ಧೂಳುಗಳಿಗೆ ಚರ್ಮವೇ ತಾಳುತ್ತಿತ್ತು. ಮುಚ್ಚಿದ ಹಿಂಬದಿಯಲ್ಲಿ ಉಣ್ಣೆ, ರೇಷ್ಮೆಗಳ ನಯವಾದ ಬಟ್ಟೆ. ಇಂದು ಅಂಥ ಕಾರನ್ನು ಸಜ್ಜುಗೊಳಿಸುವವರು ಶ್ರೀಮಂತಿಕೆಗೆ ಚರ್ಮವೇ ತಕ್ಕದ್ದೆಂದು ಹಿಂದಿನ ಆಸನಕ್ಕೂ ಚರ್ಮ ಹೊದಿಸಿದರೆ, ಒಡೆಯನನ್ನು ಒಯ್ದು ಚಾಲಕನ ಜಾಗದಲ್ಲಿ ಕೂರಿಸಿದಂತಾಗುತ್ತದೆ.

ಹೊದಿಕೆಯ ಒಳಗೆ ಇನ್ನೊಂದು ಲೋಕವಿದೆ. ಮರದ ಅಥವಾ ಕಬ್ಬಿಣದ ಚೌಕಟ್ಟು, ಅದರ ಮೇಲೆ ಸಾಲಾಗಿ ಕಟ್ಟಿದ ಸುರುಳಿ ಸ್ಪ್ರಿಂಗುಗಳು, ಅವನ್ನು ಮುಚ್ಚುವ ಗೋಣಿತಟ್ಟು, ಮೇಲೆ ಕುದುರೆ ಕೂದಲು ಅಥವಾ ತೆಂಗಿನ ನಾರು, ಅದರ ಮೇಲೆ ಅರಳೆ, ಕೊನೆಗೆ ಹೊದಿಕೆ. ಒಂದೊಂದು ಪದರಕ್ಕೂ ಒಂದೊಂದು ಕೆಲಸ. ಸ್ಪ್ರಿಂಗು ಭಾರ ಹೊರುತ್ತದೆ. ಗೋಣಿ ನಾರನ್ನು ಕೆಳಗೆ ಜಾರಗೊಡದು. ನಾರಿನ ನಡುವೆ ಗಾಳಿಯಾಡಿ ಬೆವರು ಆರುತ್ತದೆ. 1937ರಲ್ಲಿ ಜರ್ಮನಿಯ ಓಟೋ ಬಾಯರ್ ಕಂಡುಹಿಡಿದ ಪಾಲಿಯುರೆಥೇನ್ 1950ರ ದಶಕದಲ್ಲಿ ಮೃದುವಾದ ಫೋಮ್ ಆಗಿ ಬಂದಾಗ, ಈ ಪದರಗಳ ಕೆಲಸವನ್ನೆಲ್ಲ ಒಂದೇ ತುಂಡು ಮಾಡತೊಡಗಿತು. ಅಗ್ಗ, ಹಗುರ, ಬೇಗ ಮುಗಿಯುವ ಕೆಲಸ. ಆದರೆ ವರ್ಷಗಳು ಕಳೆದಂತೆ ಅದು ಪುಡಿಯಾಗುತ್ತದೆ. ನಾರು, ಸ್ಪ್ರಿಂಗುಗಳನ್ನಾದರೋ ಬಿಚ್ಚಿ ಮತ್ತೆ ಕಟ್ಟಬಹುದು.

ಈ ಸೀಮೆಯ ಹೆಚ್ಚಿನವರಿಗೆ ಹಳೆಯ ಕಾರೆಂದರೆ ರೋಲ್ಸ್‌ರಾಯ್ಸ್ ಅಲ್ಲ, ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿ 2014ರವರೆಗೆ ತಯಾರಾದ ಈ ಕಾರಿನಲ್ಲಿ ಬಹುಕಾಲ ಮುಂದೆಯೂ ಬೆಂಚಿನಂತಹ ಒಂದೇ ಉದ್ದ ಆಸನ. ಗೇರಿನ ಕೋಲು ಸ್ಟೀರಿಂಗಿನ ಬಳಿ ಇದ್ದುದರಿಂದ ಚಾಲಕನ ಪಕ್ಕ ಇಬ್ಬರು ಕೂರಬಹುದಿತ್ತು. ಬೇಸಿಗೆಯಲ್ಲಿ ರೆಕ್ಸಿನ್ ಮೈ ಸುಡುವುದೆಂದು ಅದರ ಮೇಲೆ ಟವೆಲ್ ಹಾಸುತ್ತಿದ್ದರು. ಸಾಹೇಬರ ಕಾರಿನ ಹಿಂದಿನ ಸೀಟಿನ ಬಿಳಿ ಟವೆಲ್ ಕ್ರಮೇಣ ಅಧಿಕಾರದ ಗುರುತೇ ಆಯಿತು. ಗಾದಿಯ ಎರಡನೆಯ ಅರ್ಥ ಅಲ್ಲಿಯೂ ಇಣುಕಿತೆನ್ನಬೇಕು.

ಇಂಥ ಕಾರಿಗೆ ಹೊಸ ಕಾರಿನ ಬಿಡಿ ಸೀಟುಗಳನ್ನು ತಂದು ಕೂರಿಸುವವರು ಬಹಳ. ಅವರ ಕಾರಣಗಳು ಸುಳ್ಳಲ್ಲ: ಬೆನ್ನಿಗೆ ಆಸರೆ, ತಲೆಗೆ ಆನಿಕೆ, ಸೀಟ್ ಬೆಲ್ಟಿನ ಅನುಕೂಲ. ತೊಂದರೆ ಇರುವುದು ಕೂರಿಸುವ ರೀತಿಯಲ್ಲಿ. ಆಸನದ ಎತ್ತರ ನಾಲ್ಕು ಬೆರಳು ಬದಲಾದರೂ ರಸ್ತೆ ಕಾಣುವ ಬಗೆ, ಪೆಡಲಿಗೆ ಕಾಲು ಚಾಚುವ ಬಗೆ ಎರಡೂ ಬದಲಾಗುತ್ತವೆ. ತುಕ್ಕು ತಿಂದ ತೆಳು ತಗಡಿಗೆ ತೂತು ಕೊರೆದು ಬೋಲ್ಟು ಬಿಗಿದರೆ, ಅಪಘಾತದಲ್ಲಿ ತಗಡು ಹರಿದು ಸೀಟೇ ಕಿತ್ತು ಬರಬಹುದು. ಹಳೆಯ ತೂತುಗಳಿಗೇ ಹೊಂದುವಂತೆ ನಡುವೆ ಒಂದು ಚೌಕಟ್ಟು ಮಾಡಿಸುವುದು, ನೆಲದಡಿ ದಪ್ಪ ಕಬ್ಬಿಣದ ಪಟ್ಟಿ ಕೊಡುವುದು ಜಾಣತನ. ಹೀಗೆ ಮಾಡಿದರೆ ಹಳೆಯ ಆಸನವನ್ನು ಎಂದಾದರೂ ಮರಳಿ ಕೂರಿಸಲು ದಾರಿ ಉಳಿಯುತ್ತದೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಅಂಗೀಕರಿಸಿದ ಟುರಿನ್ ಸನ್ನದಿನ ತಿರುಳೂ ಇದೇ: ಬದಲಿಸುವುದಕ್ಕಿಂತ ಉಳಿಸುವುದು ಮೇಲು; ಬದಲಿಸಲೇಬೇಕಾದರೆ ಮತ್ತೆ ಮೊದಲಿನಂತೆ ಮಾಡಲು ಬರುವಂತಿರಲಿ. ಭಾರತ ಸರ್ಕಾರವೂ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ತಂದಿತು. ಚಾಸಿ, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಕೂಡದೆಂಬುದು ಅದರ ಷರತ್ತು.

ಕಾನೂನು ಚೌಕಟ್ಟನ್ನು ಕಾಯಬಲ್ಲುದು, ಕೈಕಸಬನ್ನಲ್ಲ. ಈ ಊರುಗಳು ಹತ್ತಿ ಬೆಳೆಯುವ ಸೀಮೆಯವು. ಅರಳೆ ಹಿಂಜಿ ಗಾದಿ ತುಂಬುವ ಪಿಂಜಾರರು, ನದಾಫರು ತಲೆಮಾರುಗಳಿಂದ ಇಲ್ಲಿ ಬಾಳಿದವರು. ಜೀಪು, ಆಟೊ, ಟ್ರ್ಯಾಕ್ಟರುಗಳ ಸೀಟು ಹೊಲಿಯುವ ಕುಷನ್ ಕೆಲಸದವರು ಆ ಮೇಲೆ ಬಂದವರು. ಮೆತ್ತೆ ಎಲ್ಲಿ ತಗ್ಗಬೇಕು, ಎಲ್ಲಿ ಉಬ್ಬಬೇಕೆಂದು ಅಂಗೈಯಲ್ಲೇ ಅಳೆಯುವವರು ಇವರು. ಫೋಮಿನ ಗಾದಿ ಬಂದ ಮೇಲೆ ಆ ವಿದ್ಯೆಗೆ ಗಿರಾಕಿ ಕಡಿಮೆಯಾಗಿದ್ದಾರೆ. ಹಳೆಯ ಕಾರಿನ ಯಜಮಾನ ಹಳೆಯ ಆಸನವನ್ನು ಗುಜರಿಗೆ ಹಾಕದೆ ಇಂಥವರ ಮುಂದೆ ಬಿಚ್ಚಿಟ್ಟರೆ ಎರಡು ಬಗೆಯ ಲಾಭ. ಯಾವ ಪದರ ಎಲ್ಲಿತ್ತು, ಹೊಲಿಗೆ ಹೇಗೆ ಸಾಗಿತ್ತೆಂಬ ಲೆಕ್ಕ ಕಾರಿಗೆ ಸಿಗುತ್ತದೆ. ಗಾದಿ ಕಟ್ಟುವ ಕೈಗಳಿಗೆ ಕೆಲಸವೂ ಸಿಗುತ್ತದೆ.